ನಮ್ಮ ನಾಡಿನಲ್ಲಿ ಚಿಪ್ ತಯಾರಿಕೆ: ಸವಾಲುಗಳು ಮತ್ತು ನಮ್ಮ ಮಕ್ಕಳು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಭಾಷೆಯ ಟೀಚರ್‌ಗೆ ಚಿಪ್‌ನ ವಿಷಯ ಏಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಈ ವಿಷಯವನ್ನು ನಾನಾಗಿ ಆರಿಸಿಕೊಳ್ಳಲಿಲ್ಲ. ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ ಇದನ್ನು ನನ್ನ ಮುಂದೆ ತಂದಿಟ್ಟಳು. ಅವಳ ತಂದೆ ಹೊರವರ್ತುಲ ರಸ್ತೆಯ ಒಂದು ದೊಡ್ಡ ಕಂಪನಿಯ ಕಟ್ಟಡದಲ್ಲಿ ಏರ್ ಕಂಡೀಷನರ್ ನೋಡಿಕೊಳ್ಳುವ ಮೆಕ್ಯಾನಿಕ್. ಒಂದು ದಿನ ಅವಳು ಕೇಳಿದಳು: "ಟೀಚರ್, ನಮ್ಮ ಅಬ್ಬಾ ಕೆಲಸ ಮಾಡೋ ಕಂಪನಿಯಲ್ಲಿ ಚಿಪ್ ಮಾಡ್ತಾರಂತೆ. ಒಂದು ತಂದು ತೋರಿಸಿ ಅಂದ್ರೆ, ಅಲ್ಲಿ ಒಂದೂ ಇಲ್ಲಮ್ಮ, ಬರೀ ಕಂಪ್ಯೂಟರ್ ಇವೆ ಅಂತಾರೆ. ಹಾಗಾದ್ರೆ ಚಿಪ್ ಎಲ್ಲಿ ಮಾಡ್ತಾರೆ?"

ನನಗೆ ಉತ್ತರ ಗೊತ್ತಿರಲಿಲ್ಲ. "ಒಳಗೆ ಎಲ್ಲೋ ಮಾಡುತ್ತಾರೆ" ಎಂದು ಹೇಳಿ ಕೂರಿಸಿದೆ. ಅದು ತಪ್ಪು ಉತ್ತರ. ಆ ತಪ್ಪನ್ನು ತಿದ್ದಿಕೊಳ್ಳಲು ನಾನು ಓದಿದ್ದು, ತಿಳಿದವರನ್ನು ಕೇಳಿದ್ದು ಇವತ್ತಿನ ನನ್ನ ಮಾತು.

ಮೊದಲು ನಮ್ಮ ಸುತ್ತಮುತ್ತ ಏನಿದೆ ನೋಡೋಣ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಕಂಪನಿ ಬೆಂಗಳೂರಿನಲ್ಲಿ ತನ್ನ ಕಚೇರಿ ತೆರೆಯಿತು. ಅದರ ಉಪಗ್ರಹ ಸಂಪರ್ಕದ ಉಪಕರಣವನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆಯನ್ನು ಹಿರಿಯರು ಕೇಳಿರಬಹುದು. ಇಂದು ಅದು ಸಿ.ವಿ. ರಾಮನ್ ನಗರದಲ್ಲಿದೆ. ದೇವರಬೀಸನಹಳ್ಳಿಯಲ್ಲಿ ಇಂಟೆಲ್ ಇದೆ. ಇನ್ನೂ ಅನೇಕ ಕಂಪನಿಗಳು ನಮ್ಮ ಮಾರತ್ತಹಳ್ಳಿಯ ಸುತ್ತ ಇವೆ. ಪ್ರಪಂಚದಲ್ಲಿ ಚಿಪ್ ವಿನ್ಯಾಸ ಮಾಡುವ ಎಂಜಿನಿಯರುಗಳಲ್ಲಿ ಸುಮಾರು ಐದನೇ ಒಂದು ಭಾಗ ಭಾರತದಲ್ಲಿದ್ದಾರೆ ಎಂದು ಸರಕಾರ ಹೇಳುತ್ತದೆ. ಆದರೆ ಇವರು ಮಾಡುವುದು ವಿನ್ಯಾಸ. ಅಂದರೆ ಮನೆಯ ನಕ್ಷೆ. ನಕ್ಷೆ ಬರೆಯುವವರು ಇಲ್ಲಿದ್ದಾರೆ, ಗೋಡೆ ಕಟ್ಟುವ ಮೇಸ್ತ್ರಿ ತೈವಾನಿನಲ್ಲೋ ಕೊರಿಯಾದಲ್ಲೋ ಇದ್ದಾನೆ. ಆ ಹುಡುಗಿಯ ತಂದೆ ಹೇಳಿದ್ದೇ ಸರಿ. ಆ ಕಟ್ಟಡದಲ್ಲಿ ಚಿಪ್ ತಯಾರಾಗುವುದಿಲ್ಲ.

ಹಾಗಾದರೆ ನಕ್ಷೆ ಬರೆಯಬಲ್ಲ ನಾವು ಗೋಡೆ ಏಕೆ ಕಟ್ಟುತ್ತಿಲ್ಲ? ಇದನ್ನು ತಿಳಿಯಲು ಚಿಪ್ ಹೇಗೆ ತಯಾರಾಗುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ನೀವು ಬೀದರಿನ ಬಿದ್ರಿ ಕೆಲಸ ನೋಡಿದ್ದೀರಿ. ನಮ್ಮ ಎಷ್ಟೋ ಮನೆಗಳಲ್ಲಿ ಮದುವೆಯಲ್ಲಿ ಬಂದ ಒಂದು ಬಿದ್ರಿ ಹೂದಾನಿ ಇರುತ್ತದೆ. ಸತು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆಯ ಮೇಲೆ ಕುಶಲಕರ್ಮಿ ಉಳಿಯಿಂದ ಚಿತ್ತಾರ ಕೊರೆಯುತ್ತಾನೆ. ಕೊರೆದ ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸುತ್ತಾನೆ. ಉಜ್ಜಿ ನಯಮಾಡುತ್ತಾನೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣದಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಉಳಿಯುತ್ತದೆ.

ಚಿಪ್ ಮಾಡುವುದೂ ಇದೇ ಜಾತಿಯ ಕೆಲಸ. ಸಿಲಿಕಾನ್‌ನ ತೆಳುವಾದ ಬಿಲ್ಲೆಯನ್ನು ತೆಗೆದುಕೊಂಡು, ಅದರ ಮೇಲೆ ಬೆಳಕಿನಿಂದ ಚಿತ್ತಾರ ಮೂಡಿಸಿ, ರಾಸಾಯನಿಕದಿಂದ ಕೊರೆದು, ಕೊರೆದ ಜಾಗದಲ್ಲಿ ತಾಮ್ರ ತುಂಬಿ, ಉಜ್ಜಿ ನಯಮಾಡುತ್ತಾರೆ. ಮತ್ತೆ ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. 1997ರಲ್ಲಿ ಐಬಿಎಂ ಕಂಪನಿ ಚಿಪ್‌ನೊಳಗೆ ತಾಮ್ರ ಕೂರಿಸುವ ತನ್ನ ವಿಧಾನವನ್ನು ಪ್ರಕಟಿಸಿತು. ಆ ವಿಧಾನಕ್ಕೆ 'ಡಮಾಸೀನ್' ಎಂದು ಹೆಸರು. ಉರ್ದುವಿನಲ್ಲಿ ನಾವು ದಮಿಶ್ಕ್ ಎನ್ನುವ ಡಮಾಸ್ಕಸ್ ನಗರದ ಲೋಹ ಕೆತ್ತನೆಯಿಂದ ಆ ಹೆಸರು ಬಂದಿದೆ. ಅದೇ ಕೆತ್ತನೆಯ ಬಂಧುವೇ ನಮ್ಮ ಬಿದ್ರಿ.

ವ್ಯತ್ಯಾಸ ಇರುವುದು ಗಾತ್ರದಲ್ಲಿ. ನಮ್ಮ ತಲೆಗೂದಲಿನ ದಪ್ಪ 80 ಸಾವಿರ ನ್ಯಾನೊಮೀಟರ್‌ನ ಆಸುಪಾಸು. ಚಿಪ್‌ನ ಗೀರುಗಳನ್ನು ಹತ್ತಾರು ನ್ಯಾನೊಮೀಟರ್‌ಗಳಲ್ಲಿ ಎಣಿಸುತ್ತಾರೆ. ಎಲ್ಲ ಕಷ್ಟಗಳು ಇಲ್ಲಿಂದ ಶುರುವಾಗುತ್ತವೆ.

ಮೊದಲ ಕಷ್ಟ ಶುದ್ಧತೆ. ಮರಳಿನಲ್ಲಿ ಸಿಲಿಕಾನ್ ಇದೆ ನಿಜ, ಆದರೆ ಚಿಪ್‌ಗೆ ಬೇಕಾದ ಸಿಲಿಕಾನ್‌ನಲ್ಲಿ ನೂರು ಕೋಟಿ ಪರಮಾಣುಗಳಿಗೆ ಒಂದಕ್ಕಿಂತ ಹೆಚ್ಚು ಅನ್ಯ ಪರಮಾಣು ಇರಬಾರದು. ಎರಡನೆಯದು ಧೂಳು. 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯನ್ನು ನಾನು ಪ್ರತಿವರ್ಷ ವಿಸ್ತರಿಸಿ ಬರೆಸುತ್ತೇನೆ. ಚಿಪ್ ಕಾರ್ಖಾನೆಯಲ್ಲಿ ಈ ಗಾದೆ ತಲೆಕೆಳಗು. ಅಲ್ಲಿ ಕೈಗೆ ಒಂದು ಕಣ ಕೆಸರು ಅಂಟಿದ್ದರೂ ಮೊಸರು ಸಿಗುವುದಿಲ್ಲ. ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು ನೂರನ್ನು ಮೀರದಿದ್ದರೆ ಅದನ್ನು ನೂರನೇ ದರ್ಜೆಯ ಸ್ವಚ್ಛ ಕೋಣೆ ಎನ್ನುತ್ತಾರೆ. ಮಾರತ್ತಹಳ್ಳಿ ಸೇತುವೆಯ ಕೆಳಗೆ ನಿಂತು ಉಸಿರಾಡುವ ಗಾಳಿಯಲ್ಲಿ ಅಂಥ ಕಣಗಳು ಲಕ್ಷಗಟ್ಟಲೆ. ಚಿಪ್ ಕಾರ್ಖಾನೆಯ ಮುಖ್ಯ ಭಾಗಗಳಲ್ಲಿ ನೂರೂ ಹೆಚ್ಚೇ.

ಮೂರನೆಯದು ನೀರು. ಪ್ರತಿ ಹಂತದ ನಂತರವೂ ಬಿಲ್ಲೆಯನ್ನು ಅತಿ ಶುದ್ಧ ನೀರಿನಿಂದ ತೊಳೆಯಬೇಕು. ದೊಡ್ಡ ಕಾರ್ಖಾನೆಯೊಂದಕ್ಕೆ ದಿನಕ್ಕೆ ಕೋಟಿಗಟ್ಟಲೆ ಲೀಟರ್ ನೀರು ಬೇಕು. 2021ರಲ್ಲಿ ತೈವಾನಿನಲ್ಲಿ ಬರ ಬಂದಾಗ ಜಗತ್ತಿನ ಅತಿ ದೊಡ್ಡ ಚಿಪ್ ತಯಾರಕ ಟಿಎಸ್ಎಂಸಿ ಟ್ಯಾಂಕರ್‌ಗಳಲ್ಲಿ ನೀರು ತರಿಸಿತು. 2024ರ ಬೇಸಿಗೆಯಲ್ಲಿ ನಮ್ಮ ಬೀದಿಗಳಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದು ನಿಂತ ನಿಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ನಾಲ್ಕನೆಯದು ವಿದ್ಯುತ್. ನಮ್ಮ ಮನೆಯಲ್ಲಿ ಕರೆಂಟ್ ಹೋದರೆ ಮೇಣದ ಬತ್ತಿ ಹಚ್ಚುತ್ತೇವೆ. 2018ರ ಮಾರ್ಚ್‌ನಲ್ಲಿ ಕೊರಿಯಾದ ಸ್ಯಾಮ್‌ಸಂಗ್ ಕಾರ್ಖಾನೆಯೊಂದರಲ್ಲಿ ಸುಮಾರು ಅರ್ಧ ಗಂಟೆ ವಿದ್ಯುತ್ ಹೋದಾಗ ಸಾವಿರಾರು ಬಿಲ್ಲೆಗಳು ಹಾಳಾದವು. ಐದನೆಯದು ಯಂತ್ರ. ಅತ್ಯಂತ ಸೂಕ್ಷ್ಮವಾದ ಚಿತ್ತಾರ ಮೂಡಿಸುವ ಬೆಳಕಿನ ಯಂತ್ರವನ್ನು ಇಡೀ ಪ್ರಪಂಚದಲ್ಲಿ ತಯಾರಿಸಿ ಮಾರುವುದು ನೆದರ್‌ಲ್ಯಾಂಡ್ಸ್‌ನ ಎಎಸ್ಎಂಎಲ್ ಎಂಬ ಒಂದೇ ಕಂಪನಿ. ಅದರ ಕನ್ನಡಿಗಳು ಜರ್ಮನಿಯ ಜೈಸ್ ಕಂಪನಿಯವು. ಆರನೆಯದು ಹಣ. ಗುಜರಾತಿನ ಧೋಲೇರಾದಲ್ಲಿ ಟಾಟಾ ಕಂಪನಿಯು ತೈವಾನಿನ ಪಿಎಸ್ಎಂಸಿ ಜೊತೆಗೂಡಿ ಕಟ್ಟಲು ಹೊರಟ ಕಾರ್ಖಾನೆಗೆ ಅಂದಾಜು ವೆಚ್ಚ 91,000 ಕೋಟಿ ರೂಪಾಯಿ.

ಆದರೆ ವಿದ್ಯಾರ್ಥಿಗಳೇ, ಇವೆಲ್ಲಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಅದನ್ನು ನಿಮ್ಮ ಗಣಿತದ ನೋಟುಪುಸ್ತಕದಲ್ಲೇ ತೋರಿಸುತ್ತೇನೆ. ಒಂದು ಚಿಪ್ ತಯಾರಾಗಲು ನೂರಾರು ಹಂತಗಳಿವೆ. ಲೆಕ್ಕಕ್ಕೆ 500 ಎಂದು ಇಟ್ಟುಕೊಳ್ಳಿ. ಪ್ರತಿ ಹಂತವೂ ನೂರಕ್ಕೆ 99 ಬಾರಿ ಸರಿಯಾಗಿ ನಡೆಯುತ್ತದೆ ಎನ್ನಿ. ಪರೀಕ್ಷೆಯಲ್ಲಿ 99 ಅಂಕ ಬಂದರೆ ನಾವು ಮಿಠಾಯಿ ಹಂಚುತ್ತೇವೆ. ಆದರೆ 0.99ನ್ನು 500 ಬಾರಿ ಗುಣಿಸಿ ನೋಡಿ. ಸಾವಿರ ಚಿಪ್‌ಗಳಲ್ಲಿ ಆರೇಳು ಮಾತ್ರ ಉಳಿಯುತ್ತವೆ, ಉಳಿದದ್ದು ಕಸ. ಪ್ರತಿ ಹಂತವೂ ಸಾವಿರಕ್ಕೆ 999 ಬಾರಿ ಸರಿಯಾದರೆ ಸಾವಿರದಲ್ಲಿ ಸುಮಾರು 606 ಉಳಿಯುತ್ತವೆ. ಹತ್ತು ಸಾವಿರಕ್ಕೆ 9,999 ಬಾರಿ ಸರಿಯಾದರೆ ಸುಮಾರು 951. ನಿಜವಾದ ಲೆಕ್ಕ ಇದಕ್ಕಿಂತ ಜಟಿಲ, ಆದರೆ ಪಾಠ ಇದೇ. ಯಂತ್ರವನ್ನು ಹಣ ಕೊಟ್ಟು ತರಬಹುದು. 500 ಹಂತಗಳನ್ನು ಹಗಲೂ ರಾತ್ರಿ, ದಿನವೂ, ತಪ್ಪದೆ ಮಾಡುವ ಅಭ್ಯಾಸವನ್ನು ಹಣ ಕೊಟ್ಟು ತರಲಾಗುವುದಿಲ್ಲ. ಅದನ್ನು ಕಲಿಯಬೇಕು.

ನಾವು ಪ್ರಯತ್ನಿಸಲೇ ಇಲ್ಲ ಎಂದು ಯಾರೂ ತಿಳಿಯಬಾರದು. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1962ರಲ್ಲಿಯೇ ಜರ್ಮೇನಿಯಂ ಅರೆವಾಹಕಗಳನ್ನು ತಯಾರಿಸಿತು. 1967ರಲ್ಲಿ ಸಿಲಿಕಾನ್ ಸಾಧನಗಳ ಮತ್ತು ಇಂಟಿಗ್ರೇಟೆಡ್ ಸರ್ಕ್ಯೂಟ್‌ಗಳ ತಯಾರಿಕೆಗೆ ಕೈಹಾಕಿತು. ಆಗ ತೈವಾನಿನ ಟಿಎಸ್ಎಂಸಿ ಹುಟ್ಟಿಯೇ ಇರಲಿಲ್ಲ. ಅದು ಸ್ಥಾಪನೆಯಾದದ್ದು 1987ರಲ್ಲಿ. ಇಲ್ಲಿಗೆ ಹತ್ತಿರದ ದೂರವಾಣಿನಗರದಲ್ಲಿ ಸಿತಾರ್ ಎಂಬ ಸಂಸ್ಥೆ ರಕ್ಷಣಾ ಇಲಾಖೆಯ ಅಗತ್ಯಕ್ಕಾಗಿ ಚಿಪ್‌ಗಳನ್ನು ತಯಾರಿಸಿದೆ. ಪಂಜಾಬಿನ ಮೊಹಾಲಿಯಲ್ಲಿ ಸರಕಾರದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ 1984ರಲ್ಲಿ ಉತ್ಪಾದನೆ ಆರಂಭಿಸಿತು. 1989ರ ಫೆಬ್ರವರಿಯಲ್ಲಿ ಅಲ್ಲಿ ಬೆಂಕಿ ಬಿದ್ದು ಕಾರ್ಖಾನೆ ಸುಟ್ಟುಹೋಯಿತು. ಮತ್ತೆ ಎದ್ದು ನಿಲ್ಲಲು ವರ್ಷಗಳೇ ಹಿಡಿದವು. ಚಿಪ್ ಲೋಕದಲ್ಲಿ ಕೆಲವು ವರ್ಷ ಹಿಂದೆ ಬಿದ್ದರೆ ಒಂದು ತಲೆಮಾರು ಹಿಂದೆ ಬಿದ್ದಂತೆ.

ನಮ್ಮ ರಾಜ್ಯದ ಇತ್ತೀಚಿನ ಅನುಭವವನ್ನೂ ಹೇಳಬೇಕು. 2022ರ ಮೇ ತಿಂಗಳಲ್ಲಿ ಮೈಸೂರಿನ ಬಳಿ 22,900 ಕೋಟಿ ರೂಪಾಯಿಯ ಚಿಪ್ ಕಾರ್ಖಾನೆಗಾಗಿ ಐಎಸ್ಎಂಸಿ ಎಂಬ ಸಂಸ್ಥೆಯೊಂದಿಗೆ ಕರ್ನಾಟಕ ಸರಕಾರ ಒಪ್ಪಂದ ಮಾಡಿಕೊಂಡಿತು. ಅದಕ್ಕೆ ತಾಂತ್ರಿಕ ಜ್ಞಾನ ಕೊಡಬೇಕಿದ್ದ ಇಸ್ರೇಲಿನ ಟವರ್ ಕಂಪನಿಯನ್ನು ಇಂಟೆಲ್ ಕೊಳ್ಳಲು ಮುಂದಾಗಿತ್ತು. ಆ ಖರೀದಿ 2023ರ ಆಗಸ್ಟ್‌ನಲ್ಲಿ ಮುರಿದುಬಿತ್ತು. ಮೈಸೂರಿನ ಕಾರ್ಖಾನೆ ಮೇಲೇಳಲಿಲ್ಲ. ಭೂಮಿ ನಮ್ಮದು, ಸರಕಾರದ ಸಹಾಯವೂ ಇತ್ತು, ಆದರೆ ಮಾಡುವ ವಿದ್ಯೆ ಬೇರೆಯವರ ಕೈಯಲ್ಲಿದ್ದರೆ ಹೀಗೆಯೇ ಕಾಯಬೇಕಾಗುತ್ತದೆ.

ಹಾಗೆಂದು ನಿರಾಶರಾಗಬೇಕಿಲ್ಲ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ 76,000 ಕೋಟಿ ರೂಪಾಯಿಯ ಯೋಜನೆ ಘೋಷಿಸಿತು. ಧೋಲೇರಾ ಕಾರ್ಖಾನೆಗೆ 2024ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು. ಅಸ್ಸಾಮಿನ ಜಾಗಿರೋಡಿಗೂ ಗುಜರಾತಿನ ಸಾಣಂದಕ್ಕೂ ಘಟಕಗಳು ಮಂಜೂರಾದವು. ಸಾಣಂದದ ಒಂದು ಘಟಕ ನಮ್ಮ ಮೈಸೂರಿನ ಕೇನ್ಸ್ ಕಂಪನಿಯದು. ಇಲ್ಲಿ ಒಂದು ಮಾತು ನೆನಪಿಡಿ. ಪತ್ರಿಕೆಯಲ್ಲಿ 'ಚಿಪ್ ಘಟಕ' ಎಂದು ಬಂದದ್ದೆಲ್ಲ ಒಂದೇ ಅಲ್ಲ. ಧೋಲೇರಾದ್ದು ಬಟ್ಟೆ ನೇಯುವ ಮಗ್ಗ. ಜಾಗಿರೋಡ್ ಮತ್ತು ಸಾಣಂದದವು ಬಂದ ಬಟ್ಟೆಯನ್ನು ಕತ್ತರಿಸಿ, ಹೊಲಿದು, ಪರೀಕ್ಷಿಸುವ ದರ್ಜಿಯ ಅಂಗಡಿಗಳು. ಎರಡೂ ಬೇಕು, ಆದರೆ ಮಗ್ಗವೇ ಕಠಿಣ. ಮೊಹಾಲಿಯ ಅದೇ ಹಳೆಯ ಸಂಸ್ಥೆಯಲ್ಲಿ ತಯಾರಾದ ವಿಕ್ರಂ 3201 ಎಂಬ, ರಾಕೆಟ್‌ಗೆ ಬೇಕಾದ ಚಿಪ್ 2025ರಲ್ಲಿ ದೇಶದ ಮುಂದೆ ಬಂತು. ಅದು 180 ನ್ಯಾನೊಮೀಟರ್‌ನ ಹಳೆಯ ತಂತ್ರಜ್ಞಾನವೇ ಆದರೂ, ರಾಕೆಟ್‌ಗೆ ಬೇಕಾದದ್ದು ನಂಬಿಕೆ, ಹೊಸತನವಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಇಂಥ ಕಾರ್ಖಾನೆಯ ಒಳಗೆ ಯಾರು ಬೇಕು? ಪಿಎಚ್.ಡಿ. ಮಾಡಿದವರು ಬೇಕು, ಎಂಜಿನಿಯರುಗಳು ಬೇಕು. ಅವರ ಜೊತೆಗೆ ಗಾಳಿಯನ್ನು ಸೋಸಿ ಶಾಖ ಮತ್ತು ತೇವವನ್ನು ಒಂದೇ ಮಟ್ಟದಲ್ಲಿ ಇಡುವವರು ಬೇಕು. ವಿಷಾನಿಲದ ಕೊಳವೆಗಳನ್ನು ಸೋರದಂತೆ ಜೋಡಿಸುವವರು ಬೇಕು. ನಿರ್ವಾತ ಪಂಪ್ ಕೆಟ್ಟರೆ ಬಿಚ್ಚಿ ಸರಿಮಾಡುವವರು, ನೀರನ್ನು ಪರೀಕ್ಷಿಸುವ ರಸಾಯನಶಾಸ್ತ್ರದ ಪದವೀಧರರು ಬೇಕು. ಅಂದರೆ ಐ.ಟಿ.ಐ., ಡಿಪ್ಲೊಮಾ, ಬಿ.ಎಸ್ಸಿ. ಓದಿದ ಮಕ್ಕಳು. 2023ರಲ್ಲಿ ಎಐಸಿಟಿಇ ಚಿಪ್ ತಯಾರಿಕೆಗೆಂದೇ ಒಂದು ಡಿಪ್ಲೊಮಾ ಪಠ್ಯಕ್ರಮವನ್ನು ಹೊರತಂದಿದೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2010ರಲ್ಲಿ ಆರಂಭವಾದ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ದೊಡ್ಡ ಸ್ವಚ್ಛ ಕೋಣೆಯಿದೆ. ಬೇರೆ ಕಾಲೇಜುಗಳವರಿಗೂ ಅಲ್ಲಿ ತರಬೇತಿ ಕೊಡುತ್ತಾ ಬಂದಿದ್ದಾರೆ.

ನನ್ನ ವಿದ್ಯಾರ್ಥಿನಿಯ ತಂದೆ ಏರ್ ಕಂಡೀಷನರ್ ಮೆಕ್ಯಾನಿಕ್ ಎಂದೆ. ಚಿಪ್ ಕಾರ್ಖಾನೆಯ ಅರ್ಧ ಪ್ರಾಣ ಇರುವುದೇ ಗಾಳಿಯ ವ್ಯವಸ್ಥೆಯಲ್ಲಿ ಎಂದು ನಾನು ಅವರಿಗೆ ಹೇಳಿದಾಗ ಅವರು ನಗುತ್ತಾ, "ಟೀಚರ್, ನಮ್ಮ ಕೆಲಸಕ್ಕೆ ಮನೆಯಲ್ಲೇ ಬೆಲೆ ಇಲ್ಲ" ಎಂದರು. ಆ ಮಾತಿನ ಹಿಂದೆ ಒಂದು ನೋವಿತ್ತು. ಅದರಲ್ಲಿ ನನ್ನ ಪಾಲೂ ಇದೆ ಎಂದು ಈ ಸಭೆಯಲ್ಲಿ ಒಪ್ಪಿಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ ಅವರ ಮಗ, ಅಂದರೆ ಆ ಹುಡುಗಿಯ ಅಣ್ಣ, ಎಸ್.ಎಸ್.ಎಲ್.ಸಿ. ಮುಗಿಸಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಗೆ ಸೇರಿದ್ದ. ನಮ್ಮ ಸಂಘದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದ. ನಮ್ಮ ನಮೂನೆಯಲ್ಲಿ ಎಂಜಿನಿಯರಿಂಗ್, ವೈದ್ಯಕೀಯ ಮತ್ತು ಪದವಿ ಎಂಬ ಮೂರೇ ಕಾಲಂ ಇದ್ದವು. ಅರ್ಜಿಗಳನ್ನು ಪರಿಶೀಲಿಸುತ್ತಿದ್ದವಳು ನಾನೇ. ನಿಯಮದಲ್ಲಿ ಇಲ್ಲ ಎಂದು ಬರೆದು ಹಿಂದಕ್ಕೆ ಕಳಿಸಿದೆ. ಎರಡನೇ ಸೆಮಿಸ್ಟರ್‌ನ ಶುಲ್ಕದ ಹೊತ್ತಿಗೆ ಅವನು ಕಾಲೇಜು ಬಿಟ್ಟ. ಈಗ ಇದೇ ರಸ್ತೆಗಳಲ್ಲಿ ಬೈಕಿನಲ್ಲಿ ಊಟದ ಡಬ್ಬಿ ತಲುಪಿಸುತ್ತಾನೆ. ಅದು ಹಲಾಲ್ ದುಡಿಮೆ, ಅದರಲ್ಲಿ ಕೀಳು ಏನೂ ಇಲ್ಲ. ಆದರೆ ಅವನು ಓದಲು ಬಯಸಿದ್ದ. ನಮ್ಮ ನಮೂನೆಯಲ್ಲಿ ಅವನಿಗೆ ಒಂದು ಕಾಲಂ ಇರಲಿಲ್ಲ.

ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಬರುವ ವರ್ಷದ ಅರ್ಜಿ ನಮೂನೆಯಲ್ಲಿ ಡಿಪ್ಲೊಮಾ ಮತ್ತು ಐ.ಟಿ.ಐ. ಎಂಬ ಎರಡು ಕಾಲಂಗಳನ್ನು ಸೇರಿಸಿರಿ. ಅರ್ಧದಲ್ಲಿ ಬಿಟ್ಟವರು ಮತ್ತೆ ಸೇರಲು ಬಯಸಿದರೆ ಅವರಿಗೂ ಅವಕಾಶ ಕೊಡಿರಿ. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಕೊಡುವುದನ್ನು ಕಡಿಮೆ ಮಾಡಿ ಎಂದು ನಾನು ಹೇಳುತ್ತಿಲ್ಲ. ನಕ್ಷೆ ಬರೆಯುವವನಿಗೆ ಸಲಾಂ ಮಾಡುವ ನಾವು ಗೋಡೆ ಕಟ್ಟುವವನಿಗೂ ಕುರ್ಚಿ ಕೊಡೋಣ.

ವಿದ್ಯಾರ್ಥಿಗಳೇ, ನಿಮಗೂ ಎರಡು ಮಾತು. ಮೊದಲನೆಯದು ಎಚ್ಚರಿಕೆ. ಮಾರತ್ತಹಳ್ಳಿಯಲ್ಲಿ ಗಲ್ಲಿಗೊಂದು ತರಬೇತಿ ಕೇಂದ್ರವಿದೆ. ಮೂರು ತಿಂಗಳಲ್ಲಿ ಚಿಪ್ ಕಂಪನಿಯಲ್ಲಿ ಕೆಲಸ ಗ್ಯಾರಂಟಿ ಎಂದು ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ, ಹಣ ಕಟ್ಟುವ ಮೊದಲು ನಿಮ್ಮ ಶಿಕ್ಷಕರನ್ನು ಬಂದು ಕೇಳಿ. ಈ ಕೆಲಸ ಮೂರು ತಿಂಗಳಲ್ಲಿ ಬರುವಂಥದ್ದಲ್ಲ. ನಾನು ಹೇಳಿದ ಕಾರ್ಖಾನೆಗಳು ಇರುವುದೂ ಗುಜರಾತಿನಲ್ಲಿ, ಅಸ್ಸಾಮಿನಲ್ಲಿ. ಊರು ಬಿಡಬೇಕಾಗಬಹುದು, ರಾತ್ರಿ ಪಾಳಿ ಇರುತ್ತದೆ. ತಂದೆತಾಯಂದಿರು ಇದನ್ನು ಈಗಲೇ ಯೋಚಿಸಲಿ, ಹೆಣ್ಣುಮಕ್ಕಳ ವಿಷಯದಲ್ಲೂ ಯೋಚಿಸಲಿ.

ಎರಡನೆಯದು ಅಭ್ಯಾಸ. ಚಿಪ್ ಕಾರ್ಖಾನೆಗೆ ಹೋಗಿ ಎಂದು ಎಲ್ಲರಿಗೂ ನಾನು ಹೇಳುವುದಿಲ್ಲ. ಆದರೆ ಆ 500 ಹಂತಗಳ ಲೆಕ್ಕ ಎಲ್ಲರಿಗೂ ಅನ್ವಯಿಸುತ್ತದೆ. ಪ್ರಯೋಗಶಾಲೆಯಲ್ಲಿ ಅಳತೆಯನ್ನು ಕಣ್ಣಂದಾಜಿನಲ್ಲಿ ಬರೆಯಬೇಡಿ. ತಪ್ಪಾದರೆ ಮುಚ್ಚಿಡಬೇಡಿ, ಯಾವ ಹಂತದಲ್ಲಿ ತಪ್ಪಾಯಿತು ಎಂದು ಬರೆದಿಡಿ. ಉರ್ದು ಬರೆಯುವಾಗ ಒಂದು ನುಖ್ತೆ ಆಚೀಚೆಯಾದರೆ 'ಖುದಾ' ಎಂಬುದು 'ಜುದಾ' ಆಗುತ್ತದೆ ಎಂದು ನಿಮಗೆ ಕಲಿಸಿದ್ದೇನೆ. ಚಿಪ್‌ನಲ್ಲೂ ಅಷ್ಟೇ, ಒಂದು ಚುಕ್ಕೆ ಧೂಳು ಅರ್ಥವನ್ನೇ ಕೆಡಿಸುತ್ತದೆ.

ಆ ಹುಡುಗಿಗೆ ಕೊಟ್ಟ ತಪ್ಪು ಉತ್ತರವನ್ನು ಮರುವಾರವೇ ತರಗತಿಯಲ್ಲಿ ತಿದ್ದಿದೆ. "ನಿನ್ನ ಅಬ್ಬಾ ಕೆಲಸ ಮಾಡುವ ಕಟ್ಟಡದಲ್ಲಿ ಚಿಪ್‌ನ ನಕ್ಷೆ ಬರೆಯುತ್ತಾರೆ. ಅದನ್ನು ಮಾಡುವುದು ಸಮುದ್ರದಾಚೆ. ನಮ್ಮ ದೇಶದಲ್ಲೂ ಮಾಡಲು ಕಲಿಯುತ್ತಿದ್ದೇವೆ" ಎಂದೆ. ಅವಳು ತಕ್ಷಣ ಕೇಳಿದಳು: "ಹಾಗಾದ್ರೆ ಅಲ್ಲಿಯೂ ಎ.ಸಿ. ಮೆಕ್ಯಾನಿಕ್ ಬೇಕಾಗ್ತಾರಾ ಟೀಚರ್?" ಬೇಕಾಗುತ್ತಾರೆ ಎಂದೆ. ಈ ಬಾರಿ ನನ್ನ ಉತ್ತರ ಸರಿಯಾಗಿತ್ತು. ಅವಳ ಅಣ್ಣನ ಅರ್ಜಿಗೂ ನಮ್ಮ ಸಂಘ ಈ ಸಲ ಸರಿಯಾದ ಉತ್ತರ ಕೊಡಲಿ ಎಂದು ಆಶಿಸುತ್ತೇನೆ.

ಜೈ ಹಿಂದ್. ಜೈ ಕರ್ನಾಟಕ.